ನೆರೆನೀರು ಮತ್ತು ದಾರಿಗಳ ಬಾಳಿಕೆ: ರಸ್ತೆ, ರೈಲುಮಾರ್ಗಗಳನ್ನು ಕುರಿತ ಒಂದು ಸಂಯೋಜಿತ ಪಾಠ

ತರಗತಿ: 8ರಿಂದ 10
ವಿಷಯಗಳು: ವಿಜ್ಞಾನ, ಸಮಾಜ ವಿಜ್ಞಾನ, ಗಣಿತ, ಕನ್ನಡ
ಅವಧಿ: ನಾಲ್ಕು ಪಿರಿಯಡ್‌ಗಳು

1. ಪಾಠದ ಹಿನ್ನೆಲೆ

ಮಳೆಗಾಲದಲ್ಲಿ ಶಾಲೆಯ ಹಾಜರಿ ಪುಸ್ತಕವು ದಾರಿಯ ಸ್ಥಿತಿಯನ್ನು ತಿಳಿಸುವ ಒಂದು ದಾಖಲೆಯೂ ಆಗಿರುತ್ತದೆ. ಹಳ್ಳ ತುಂಬಿದ ದಿನ ಆಚೆ ದಡದ ಮಕ್ಕಳು ಬರುವುದಿಲ್ಲ. ಮೋರಿ ಕುಸಿದ ವಾರ ಬಸ್ಸು ಬರುವುದಿಲ್ಲ. ಕಾಸರಗೋಡಿನ ತೋಡು, ವಯನಾಡಿನ ಘಟ್ಟದ ತಿರುವು, ಅಕ್ಕಲಕೋಟೆಯ ಹಳ್ಳದ ಮುಳುಗು ಸೇತುವೆ, ರಾಯದುರ್ಗದ ಕೆರೆಯ ಕೋಡಿ ಇವೆಲ್ಲವೂ ಕನ್ನಡ ಶಾಲೆಯ ಮಕ್ಕಳು ದಿನವೂ ದಾಟುವ ಸ್ಥಳಗಳು. ಗಡಿನಾಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಒಂದಕ್ಕೊಂದು ದೂರವಾಗಿರುವುದರಿಂದ ಅನೇಕ ಮಕ್ಕಳು ಹತ್ತಿರದ ಶಾಲೆಯನ್ನು ಬಿಟ್ಟು ದೂರದ ಶಾಲೆಗೆ ಬರುತ್ತಾರೆ. ದಾರಿ ಉದ್ದವಾದಷ್ಟೂ ಅದರಲ್ಲಿ ಬರುವ ಹಳ್ಳಗಳೂ ಹೆಚ್ಚು. ಆದುದರಿಂದ ನೆರೆ ಮತ್ತು ರಸ್ತೆಯ ಸಂಬಂಧವನ್ನು ತಿಳಿಯುವುದು ಈ ಮಕ್ಕಳಿಗೆ ಪರೀಕ್ಷೆಯ ಅಂಕಕ್ಕಿಂತ ಹೆಚ್ಚಿನ ಅಗತ್ಯವಾಗಿದೆ.

ಪಠ್ಯಪುಸ್ತಕಗಳು ಪ್ರವಾಹದ ಕಾರಣಗಳನ್ನು ಹೇಳುತ್ತವೆ. ಬೆಳೆ, ಮನೆ, ಪ್ರಾಣಗಳ ಹಾನಿಯನ್ನು ಪಟ್ಟಿ ಮಾಡುತ್ತವೆ. ‘ರಸ್ತೆ ಸಂಪರ್ಕ ಕಡಿದುಹೋಗುತ್ತದೆ’ ಎಂಬ ಒಂದು ವಾಕ್ಯದಲ್ಲಿ ದಾರಿಯ ಕಥೆ ಮುಗಿಯುತ್ತದೆ. ಗಟ್ಟಿಯಾದ ಡಾಂಬರು ರಸ್ತೆ, ಕಬ್ಬಿಣದ ಹಳಿ, ಕಲ್ಲಿನ ಸೇತುವೆ ನೀರಿಗೆ ಸೋಲುವುದು ಹೇಗೆ, ನೀರು ಇಳಿದ ಮೇಲೂ ಅವು ಏಕೆ ಅಪಾಯಕಾರಿಯಾಗಿರುತ್ತವೆ ಎಂಬ ಪ್ರಶ್ನೆಗಳನ್ನು ಈ ಪಾಠವು ಎತ್ತಿಕೊಳ್ಳುತ್ತದೆ.

2. ಕಲಿಕೆಯ ಫಲಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಗಳು
(ಅ) ರಸ್ತೆ ಮತ್ತು ರೈಲುಮಾರ್ಗಗಳ ಪದರಗಳನ್ನು, ಪ್ರತಿ ಪದರದ ಕೆಲಸವನ್ನು ವಿವರಿಸುವರು;
(ಆ) ನೀರು ದಾರಿಯನ್ನು ಕೆಡಿಸುವ ಬಗೆಗಳನ್ನು ಉದಾಹರಣೆಯೊಂದಿಗೆ ಗುರುತಿಸುವರು;
(ಇ) ಮೋರಿಯ ಅಳತೆ, ಮಳೆಯ ಪ್ರಮಾಣ, ನೀರಿನ ವೇಗ ಇವುಗಳ ಸರಳ ಲೆಕ್ಕಗಳನ್ನು ಮಾಡುವರು;
(ಈ) ನೆರೆಯ ಎಚ್ಚರಿಕೆಯ ಪದಗಳನ್ನು ಕನ್ನಡದಲ್ಲಿಯೂ ರಾಜ್ಯಭಾಷೆಯಲ್ಲಿಯೂ ಅರಿತು ಮನೆಯವರಿಗೆ ತಿಳಿಸುವರು;
(ಉ) ತುಂಬಿದ ದಾರಿಯನ್ನು ದಾಟದಿರುವ ನಿರ್ಧಾರವನ್ನು ಕಾರಣಸಹಿತ ಸಮರ್ಥಿಸುವರು.

3. ವಿಷಯ ನಿರೂಪಣೆ

*3.1 ರಸ್ತೆಯ ಬಲ ಎಲ್ಲಿದೆ?*

ಮಕ್ಕಳು ಕಾಣುವುದು ಮೇಲಿನ ಕಪ್ಪು ಹೊದಿಕೆಯನ್ನು ಮಾತ್ರ. ಅದರ ಕೆಳಗೆ ಜಲ್ಲಿಯ ಪದರಗಳಿವೆ, ಅವುಗಳ ಕೆಳಗೆ ಗರಸು ಅಥವಾ ಗಟ್ಟಿಮಣ್ಣಿನ ಪದರ, ಎಲ್ಲಕ್ಕೂ ಕೆಳಗೆ ಊರಿನ ನೆಲ. ಲಾರಿಯ ಚಕ್ರವು ಚಿಕ್ಕದೊಂದು ಜಾಗವನ್ನಷ್ಟೇ ಒತ್ತುತ್ತದೆ. ಆ ಒತ್ತಡವು ಪದರದಿಂದ ಪದರಕ್ಕೆ ಇಳಿಯುತ್ತ ಹರಡಿಕೊಂಡು, ನೆಲವನ್ನು ಮುಟ್ಟುವ ಹೊತ್ತಿಗೆ ಅದು ತಾಳಿಕೊಳ್ಳುವಷ್ಟು ಕಡಿಮೆಯಾಗಿರಬೇಕು. ರಸ್ತೆ ನಿರ್ಮಾಣದ ಮೂಲತತ್ತ್ವ ಇದೇ. ಆದುದರಿಂದ ರಸ್ತೆಯನ್ನು ಕೊನೆಗೆ ಹೊರುವುದು ಡಾಂಬರಲ್ಲ, ಒಣಗಿರುವ ಗಟ್ಟಿನೆಲ ಎಂಬುದನ್ನು ಮೊದಲು ಮನಗಾಣಿಸಬೇಕು.

ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ. ಒಣಗಿದಾಗ ಕಣಗಳು ಒಂದನ್ನೊಂದು ಅದುಮಿಕೊಂಡು ಉಜ್ಜುವಿಕೆಯ ಬಲದಿಂದ ಭಾರವನ್ನು ಹೊರುತ್ತವೆ. ಸಂದುಗಳಲ್ಲಿ ನೀರು ತುಂಬಿದಾಗ ಭಾರದ ಒಂದು ಪಾಲು ನೀರಿನ ಮೇಲೆ ಬೀಳುತ್ತದೆ. ನೀರಿಗೆ ಉಜ್ಜುವಿಕೆಯ ಬಲವಿಲ್ಲ. ಕಣಗಳು ಸಡಿಲಗೊಳ್ಳುತ್ತವೆ, ನೆಲ ಮೆತ್ತಗಾಗುತ್ತದೆ. ಉತ್ತ ಗದ್ದೆಯಲ್ಲಿ ಕಾಲು ಹೂತುಹೋಗುವ ಅನುಭವವನ್ನು ಮಕ್ಕಳಿಗೆ ನೆನಪಿಸಿದರೆ ಈ ತತ್ತ್ವಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

*3.2 ನೀರು ರಸ್ತೆಯನ್ನು ಕೆಡಿಸುವ ಬಗೆಗಳು*

ಮೊದಲನೆಯದು ನೆನೆಯುವಿಕೆ. ಎರಡು ಮೂರು ದಿನ ನೀರು ನಿಂತ ರಸ್ತೆ ಮೇಲ್ನೋಟಕ್ಕೆ ಕೆಟ್ಟಿರುವುದಿಲ್ಲ. ಒಳಗಿನ ನೆಲ ಮಾತ್ರ ಬಲಗುಂದಿರುತ್ತದೆ. ಆಗ ಭಾರದ ಲಾರಿಗಳು ಓಡಾಡಿದರೆ ಚಕ್ರದ ಜಾಡು ತಗ್ಗಾಗುತ್ತದೆ, ಮೇಲ್ಪದರ ಬಿರಿಯುತ್ತದೆ, ಬಿರುಕಿನಿಂದ ಇನ್ನಷ್ಟು ನೀರು ಒಳಗಿಳಿಯುತ್ತದೆ.

ಎರಡನೆಯದು ಕಳಚುವಿಕೆ. ಡಾಂಬರು ಜಲ್ಲಿಕಲ್ಲಿಗೆ ಅಂಟಿಕೊಂಡಿರುವ ಬಲವೇ ಮೇಲ್ಪದರದ ಜೀವ. ಕಲ್ಲಿಗೆ ಡಾಂಬರಿಗಿಂತ ನೀರಿನ ಕಡೆಗೆ ಒಲವು ಹೆಚ್ಚು. ನೀರು ಎರಡರ ನಡುವೆ ನುಸುಳಿ ಡಾಂಬರನ್ನು ಕಲ್ಲಿನಿಂದ ಬಿಡಿಸುತ್ತದೆ. ಚಕ್ರ ಹಾಯುವಾಗಲೆಲ್ಲ ಒಳಗಿನ ನೀರು ಒತ್ತಡಕ್ಕೆ ಸಿಕ್ಕು ಚಿಮ್ಮುತ್ತದೆ. ಹಾಗೆ ಚಿಮ್ಮುವಾಗ ಕೆಳಗಿನ ನುಣ್ಣನೆಯ ಮಣ್ಣನ್ನೂ ಹೊರತರುತ್ತದೆ. ಮಳೆ ನಿಂತ ಮೇಲೆ ಗುಂಡಿಗಳು ಒಮ್ಮೆಲೇ ಹುಟ್ಟಿಕೊಂಡಂತೆ ತೋರುವುದು ಇದರಿಂದ.

ಮೂರನೆಯದು ಕೊಚ್ಚುವಿಕೆ. ಏರಿಯ ಮೇಲೆ ಹಾದ ರಸ್ತೆಯನ್ನು ನೀರು ದಾಟಿ ಹರಿದಾಗ ಹಾನಿ ತೊಡಗುವುದು ನೀರು ಬರುವ ಕಡೆಯಲ್ಲಿ ಅಲ್ಲ, ಅದು ಧುಮುಕುವ ಕಡೆಯಲ್ಲಿ. ಇಳಿಜಾರಿನಲ್ಲಿ ವೇಗ ಹೆಚ್ಚಿ ಅಂಚಿನ ಮಣ್ಣು ಕೊಚ್ಚಿಹೋಗುತ್ತದೆ. ಡಾಂಬರಿನ ಹೊದಿಕೆ ಕೆಲವು ಹೊತ್ತು ಚಪ್ಪಡಿಯಂತೆ ಹಾಗೆಯೇ ನಿಂತಿರುತ್ತದೆ, ಅದರ ಕೆಳಗೆ ಮಣ್ಣಿರುವುದಿಲ್ಲ. ಕೆಂಪುನೀರು ಮುಚ್ಚಿರುವಾಗ ಇದು ಯಾರ ಕಣ್ಣಿಗೂ ಬೀಳದು.

ನಾಲ್ಕನೆಯದು ನೀರು ಇಳಿಯುವಾಗಿನ ಜಾರಿಕೆ. ನೆರೆ ಏರಿದ್ದಾಗ ಏರಿಯ ಹೊರಗಿನ ನೀರು ಅದರ ಮಗ್ಗುಲನ್ನು ಒತ್ತಿ ಹಿಡಿದಿರುತ್ತದೆ. ಹೊರಗಿನ ನೀರು ಬೇಗ ಇಳಿದರೂ ಮಣ್ಣಿನೊಳಗಿನ ನೀರು ಬೇಗ ಬಸಿಯುವುದಿಲ್ಲ. ಒಳಗಿನ ಒತ್ತಡವನ್ನು ಹಿಡಿಯುವ ಹೊರಗಿನ ಬೆಂಬಲ ಇಲ್ಲವಾಗಿ ಮಗ್ಗುಲು ಜಾರುತ್ತದೆ. ‘ನೀರು ಇಳಿಯಿತು, ಇನ್ನು ಭಯವಿಲ್ಲ’ ಎಂಬ ಮಾತು ಏಕೆ ತಪ್ಪು ಎಂಬುದಕ್ಕೆ ಇದು ಉತ್ತರ.

ತಳದ ನೆಲವೇ ಮೆತ್ತಗಿದ್ದರೆ ಪ್ರವಾಹವೂ ಬೇಕಿಲ್ಲ. 2025ರ ಮೇ ತಿಂಗಳಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಗದ್ದೆಯ ನೆಲದ ಮೇಲೆ ಎತ್ತರಿಸಿ ಕಟ್ಟುತ್ತಿದ್ದ ರಾಷ್ಟ್ರೀಯ ಹೆದ್ದಾರಿ 66ರ ಭಾಗ ಕುಸಿಯಿತು. ಅದೇ ಹೆದ್ದಾರಿ ಕಾಸರಗೋಡು, ಮಂಜೇಶ್ವರಗಳ ಮೂಲಕ ಹಾದುಹೋಗುವುದರಿಂದ ಅಲ್ಲಿಯ ಮಕ್ಕಳಿಗೆ ಇದು ದೂರದ ಸುದ್ದಿಯಲ್ಲ.

*3.3 ರೈಲುಮಾರ್ಗ*

ಹಳಿ, ಅದರ ಕೆಳಗೆ ಸ್ಲೀಪರ್, ಸ್ಲೀಪರಿನ ಕೆಳಗೆ ಸುಮಾರು 30 ಸೆಂ.ಮೀ. ದಪ್ಪದ ಜಲ್ಲಿಯ ಹಾಸು, ಕೊನೆಗೆ ಮಣ್ಣಿನ ಏರಿ: ಇದು ರೈಲುಮಾರ್ಗದ ರಚನೆ. ಜಲ್ಲಿ 20ರಿಂದ 65 ಮಿ.ಮೀ. ಗಾತ್ರದ ಒಡೆದ ಕಲ್ಲು. ಹೊಳೆಯ ಉರುಟು ಕಲ್ಲನ್ನು ಹಾಕದೆ ಒಡೆದ ಕಲ್ಲನ್ನು ಹಾಕುವುದೇಕೆ ಎಂದು ಮಕ್ಕಳನ್ನು ಕೇಳಬೇಕು. ಮೊನಚಾದ ಕಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡು ಸ್ಲೀಪರನ್ನು ಅಲುಗದಂತೆ ಹಿಡಿಯುತ್ತವೆ. ನಡುವಿನ ಸಂದುಗಳಿಂದ ಮಳೆನೀರು ಬೇಗ ಬಸಿದುಹೋಗುತ್ತದೆ. ನೆರೆಯ ರಾಡಿ ಈ ಸಂದುಗಳಲ್ಲಿ ತುಂಬಿದರೆ ಎರಡು ಗುಣಗಳೂ ನಷ್ಟವಾಗುತ್ತವೆ. ಹಳಿ ಅದೇ ಜಾಗದಲ್ಲಿರುತ್ತದೆ, ಆದರೆ ಗಾಡಿ ಹಾಯುವಾಗ ಕುಸಿಯುತ್ತದೆ, ಓರೆಯಾಗುತ್ತದೆ. ಹರಿಯುವ ನೀರು ಜಲ್ಲಿಯನ್ನೇ ಒಯ್ದರೆ ಹಳಿಯು ತೂಗುಸೇತುವೆಯಂತೆ ಗಾಳಿಯಲ್ಲಿ ಜೋತಾಡುತ್ತದೆ.

2015ರ ಆಗಸ್ಟ್ 4ರ ರಾತ್ರಿ ಮಧ್ಯಪ್ರದೇಶದ ಹರ್ದಾ ಬಳಿ ನಡೆದದ್ದು ಇದೇ. ಮಾಚಕ್ ನದಿಯ ನೀರು ಉಕ್ಕಿ ಹಳಿಯ ಕೆಳಗಿನ ಜಲ್ಲಿ, ಮಣ್ಣುಗಳನ್ನು ಕೊಚ್ಚಿದ್ದರಿಂದ ಕಾಮಯಾನಿ ಎಕ್ಸ್‌ಪ್ರೆಸ್ ಮತ್ತು ಜನತಾ ಎಕ್ಸ್‌ಪ್ರೆಸ್ ಎಂಬ ಎರಡು ಗಾಡಿಗಳು ಕೆಲವೇ ನಿಮಿಷಗಳ ಅಂತರದಲ್ಲಿ ಹಳಿ ತಪ್ಪಿದವು. ತೆಲಂಗಾಣದ ವಲಿಗೊಂಡದಲ್ಲಿ 2005ರ ಅಕ್ಟೋಬರ್ 29ರಂದು ಚಿಕ್ಕದೊಂದು ರೈಲುಸೇತುವೆ ಹಠಾತ್ ಪ್ರವಾಹಕ್ಕೆ ಕೊಚ್ಚಿಹೋಗಿ, ಪ್ಯಾಸೆಂಜರ್ ಗಾಡಿ ನೀರಿಗೆ ಬಿದ್ದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಮೇಲಿನ ಕೆರೆ ಒಡೆದು ಬಂದ ನೀರು ಆ ಅನಾಹುತಕ್ಕೆ ಕಾರಣವಾಗಿತ್ತು. ರಾಯದುರ್ಗ, ಮಡಕಶಿರಾಗಳಂತಹ ಕೆರೆಗಳ ಸೀಮೆಯಲ್ಲಿ ಈ ಪಾಠವನ್ನು ಮಾಡುವ ಶಿಕ್ಷಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆರೆಯ ಕೋಡಿಯಲ್ಲಿ ಹೂಳು, ಗಿಡಗಂಟಿಗಳು ತುಂಬಿದ್ದರೆ ಹೆಚ್ಚಿನ ನೀರು ಏರಿಯ ಮೇಲೆ ಹತ್ತುತ್ತದೆ. ಏರಿ ಒಡೆದರೆ ಕೆಳಗಿನ ರಸ್ತೆ, ಹಳಿಗಳಿಗೆ ಅವುಗಳ ಮೋರಿಗಳು ಊಹಿಸದಷ್ಟು ನೀರು ಒಮ್ಮೆಲೇ ಬರುತ್ತದೆ. ಕೆರೆಯ ನಿರ್ವಹಣೆಯು ದಾರಿಯ ನಿರ್ವಹಣೆಯೂ ಹೌದು.

ತಮಿಳುನಾಡಿನ ಅರಿಯಲೂರಿನ ಬಳಿ 1956ರ ನವೆಂಬರ್ 23ರಂದು ಮರುದೈಯಾರ್ ನದಿಯ ಸೇತುವೆ ನೆರೆಗೆ ತುತ್ತಾಗಿ ತೂತುಕುಡಿ ಎಕ್ಸ್‌ಪ್ರೆಸ್ ಉರುಳಿತು. ಆಗಿನ ರೈಲ್ವೆ ಸಚಿವ ಲಾಲ್ ಬಹಾದೂರ್ ಶಾಸ್ತ್ರಿಯವರು ನೈತಿಕ ಹೊಣೆ ಹೊತ್ತು ರಾಜೀನಾಮೆ ನೀಡಿದ್ದನ್ನು ಸಮಾಜ ವಿಜ್ಞಾನದ ಅವಧಿಯಲ್ಲಿ ಹೊಣೆಗಾರಿಕೆಯ ಚರ್ಚೆಗೆ ಬಳಸಬಹುದು.

ರೈಲುಸೇತುವೆಗಳ ಕಂಬದ ಮೇಲೆ ಹಿಂದಿನ ಅತಿ ಹೆಚ್ಚಿನ ನೆರೆಯ ಮಟ್ಟವನ್ನೂ ಅಪಾಯದ ಮಟ್ಟವನ್ನೂ ಬರೆದಿರುತ್ತಾರೆ. ಮಳೆಗಾಲದ ರಾತ್ರಿಗಳಲ್ಲಿ ಗಸ್ತಿನ ನೌಕರರು ದೀಪ ಹಿಡಿದು ಹಳಿಯುದ್ದಕ್ಕೂ ನಡೆಯುತ್ತಾರೆ. ಹಾನಿ ಕಂಡರೆ ಹಳಿಯ ಮೇಲೆ ಸಿಡಿಯುವ ಸಂಕೇತಗಳನ್ನಿಟ್ಟು ಗಾಡಿಯನ್ನು ತಡೆಯುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ ರೋಡ್, ರಾಯಚೂರು, ಮಂತ್ರಾಲಯಂ ರೋಡ್, ಆದೋನಿಗಳ ಮೂಲಕ ಹಾದುಹೋಗುವ ಮುಂಬಯಿ–ಚೆನ್ನೈ ಮಾರ್ಗವು ಭೀಮಾ, ಕೃಷ್ಣಾ, ತುಂಗಭದ್ರಾ ಮೂರನ್ನೂ ದಾಟುತ್ತದೆ. ಈ ಮಾರ್ಗವನ್ನು ನಕ್ಷೆಯಲ್ಲಿ ಗುರುತಿಸುವುದು ಒಳ್ಳೆಯ ಅಭ್ಯಾಸ.

*3.4 ಸೇತುವೆ ಮತ್ತು ಮೋರಿ*

ಸೇತುವೆ ಬೀಳುವುದು ನೀರು ಅದನ್ನು ತಳ್ಳುವುದರಿಂದ ಎಂದು ಮಕ್ಕಳು ಭಾವಿಸುತ್ತಾರೆ. ಎಷ್ಟೋ ಸಲ ನಿಜವಾದ ಕಾರಣ ತಳಕೊರೆತ. ನೀರು ಕಂಬಕ್ಕೆ ಬಡಿದು ಕೆಳಮುಖವಾಗಿ ತಿರುಗಿ ಸುಳಿಯಾಗಿ, ಕಂಬದ ಬುಡದ ಮರಳನ್ನು ಎತ್ತಿ ಒಯ್ಯುತ್ತದೆ. ಬುನಾದಿ ಬಯಲಾದಾಗ ಕಂಬ ವಾಲುತ್ತದೆ. ನೆರೆ ಇಳಿಯುವಾಗ ಆ ಗುಂಡಿಯಲ್ಲಿ ಮತ್ತೆ ಸಡಿಲ ಮರಳು ತುಂಬುವುದರಿಂದ ಹಾನಿ ಮೇಲಿನಿಂದ ಕಾಣುವುದಿಲ್ಲ. ಕಂಬಗಳ ಹತ್ತಿರ ಮರಳು ತೆಗೆಯಬಾರದೆಂಬ ನಿಯಮಕ್ಕೆ ಇದೇ ಆಧಾರ.

2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಬಳಿ, ಮುಂಬಯಿ–ಗೋವಾ ಹೆದ್ದಾರಿಯಲ್ಲಿ ಸಾವಿತ್ರಿ ನದಿಯ ಹಳೆಯ ಕಲ್ಲುಕಮಾನಿನ ಸೇತುವೆ ತುಂಬುಪ್ರವಾಹದಲ್ಲಿ ಕುಸಿದು, ಎರಡು ಸರಕಾರಿ ಬಸ್ಸುಗಳೂ ಬೇರೆ ವಾಹನಗಳೂ ಕೊಚ್ಚಿಹೋದವು. ಅದು ಬ್ರಿಟಿಷರ ಕಾಲದ ಸೇತುವೆ. ಅನೇಕ ಮಳೆಗಾಲಗಳನ್ನು ಕಂಡಿತ್ತು. ಒಂದು ಕಟ್ಟಡ ಹಲವು ನೆರೆಗಳನ್ನು ತಾಳಿತೆಂಬುದು ಮುಂದಿನ ನೆರೆಯನ್ನು ತಾಳುತ್ತದೆಂಬುದಕ್ಕೆ ಪ್ರಮಾಣವಲ್ಲ. ಪ್ರತಿ ನೆರೆಯೂ ಅದರಿಂದ ಸ್ವಲ್ಪ ಬಲವನ್ನು ಕಳೆದಿರುತ್ತದೆ.

ಸೇತುವೆಯ ಬೆಲೆ ಅದು ಇಲ್ಲವಾದಾಗ ತಿಳಿಯುತ್ತದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಭೂಕುಸಿತವಾದಾಗ ಚೂರಲ್‌ಮಲದ ಸೇತುವೆ ಕೊಚ್ಚಿಹೋಯಿತು. ಆಚೆ ದಡಕ್ಕೆ ಯಂತ್ರಗಳು ಹೋಗಲಾರದೆ ರಕ್ಷಣಾಕಾರ್ಯಕ್ಕೆ ಅಡ್ಡಿಯಾಯಿತು. ಬೆಂಗಳೂರಿನಲ್ಲಿ ಕೇಂದ್ರವಿರುವ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಕಟ್ಟಿ ಆಗಸ್ಟ್ 1ರಂದು ದಾರಿ ಮಾಡಿಕೊಟ್ಟಿತು. ವಯನಾಡಿನ ಶಿಕ್ಷಕರು ಈ ಭಾಗವನ್ನು ಬೋಧಿಸುವಾಗ ತರಗತಿಯಲ್ಲಿ ಬಂಧುಗಳನ್ನು, ಗೆಳೆಯರನ್ನು ಕಳೆದುಕೊಂಡ ಮಕ್ಕಳಿರಬಹುದೆಂಬುದನ್ನು ಮರೆಯಬಾರದು. ಚಿತ್ರಗಳನ್ನು ತೋರಿಸುವುದು ಬೇಡ. ಮಾತನಾಡಬಯಸುವ ಮಗುವಿಗೆ ಅವಕಾಶವಿರಲಿ, ಮೌನವಾಗಿರುವ ಮಗುವನ್ನು ಪ್ರಶ್ನಿಸದಿರಲಿ.

4. ಆಯಾ ಸೀಮೆಯ ನೆಲ

ಒಂದೇ ಪಾಠವನ್ನು ಎಲ್ಲ ಕಡೆಯೂ ಒಂದೇ ರೀತಿ ಮಾಡಲಾಗದು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅಲ್ಲಿ ಮುರಕಲ್ಲಿನ ಗುಡ್ಡವನ್ನು ಕಡಿದು ಮಾಡಿದ ರಸ್ತೆಗಳ ಬದಿ ಜರಿಯುವುದು ಮುಖ್ಯ ತೊಂದರೆ. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿಗಳಲ್ಲಿ ಎರೆಮಣ್ಣು. ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ವರ್ಷ ವರ್ಷವೂ ನಡೆಯುವ ಈ ಉಬ್ಬುತಗ್ಗು ರಸ್ತೆಯನ್ನು ಅಲೆಯಂತೆ ಮಾಡುತ್ತದೆ. ಅಲ್ಲಿ ಮಳೆ 500ರಿಂದ 700 ಮಿ.ಮೀ. ಮಾತ್ರ. ಆದರೆ ಮಳೆ ಕಡಿಮೆಯಿರುವ ಸೀಮೆಯಲ್ಲಿ ಮೋರಿಗಳು ಚಿಕ್ಕವು, ಹಳ್ಳ ದಾಟುವ ದಾರಿಗಳು ತಗ್ಗಿನವು; 2020ರ ಅಕ್ಟೋಬರಿನಂತೆ ಭೀಮೆ ಉಕ್ಕಿದ ವರ್ಷ ಅವು ಸಾಲುವುದಿಲ್ಲ. ನೀಲಗಿರಿಯಲ್ಲಿ ಮೆಟ್ಟುಪಾಳಯಂನಿಂದ ಉದಕಮಂಡಲಕ್ಕೆ 46 ಕಿ.ಮೀ. ಸಾಗುವ ಬೆಟ್ಟದ ರೈಲು ಮಳೆಗಾಲಗಳಲ್ಲಿ ಬಂಡೆ, ಮಣ್ಣು ಉರುಳಿದಾಗಲೆಲ್ಲ ನಿಲ್ಲುತ್ತದೆ. ಬೆಟ್ಟದ ದಾರಿಗೆ ಮೇಲಿನ ಇಳಿಜಾರಿನ ಚರಂಡಿಯೇ ರಕ್ಷೆ.

5. ಪದಗಳ ಅರಿವು

ಜಿಲ್ಲಾಡಳಿತದ ಎಚ್ಚರಿಕೆಗಳು ಸಾಮಾನ್ಯವಾಗಿ ರಾಜ್ಯಭಾಷೆಯಲ್ಲಿ ಬರುತ್ತವೆ. ಮನೆಯ ಹಿರಿಯರು ಕನ್ನಡವನ್ನಷ್ಟೇ ಬಲ್ಲವರಾಗಿದ್ದರೆ ಆ ಎಚ್ಚರಿಕೆಯನ್ನು ಮನೆಗೆ ಮುಟ್ಟಿಸುವುದು ಶಾಲೆಗೆ ಹೋಗುವ ಮಗು. ಆದುದರಿಂದ ಭಾಷಾಪಾಠದ ಒಂದು ಅವಧಿಯನ್ನು ಇದಕ್ಕೆ ಮೀಸಲಿಡುವುದು ಉಚಿತ.

ನೆರೆ, ಪ್ರವಾಹ, ಮಹಾಪೂರ ಇವು ಕನ್ನಡದೊಳಗೇ ಸೀಮೆಯಿಂದ ಸೀಮೆಗೆ ಬದಲಾಗುವ ಮಾತುಗಳು. ಮರಾಠಿಯಲ್ಲಿ ‘ಪೂರ್’ ಎಂದರೆ ನೆರೆ, ‘ಪೂಲ್’ ಎಂದರೆ ಸೇತುವೆ, ‘ಓಢಾ’ ಎಂದರೆ ಹಳ್ಳ. ಮೊದಲೆರಡರ ಅಂತರ ಒಂದೇ ಅಕ್ಷರದ್ದು. ತಮಿಳಿನಲ್ಲಿ ‘ವೆಳ್ಳಂ’ ಎಂದರೆ ನೆರೆ. ಮಲಯಾಳದಲ್ಲಿ ಅದೇ ಪದಕ್ಕೆ ನೀರು ಎಂಬ ಅರ್ಥ, ನೆರೆಗೆ ‘ವೆಳ್ಳಪ್ಪೊಕ್ಕಂ’. ಎರಡರಲ್ಲೂ ಸೇತುವೆ ‘ಪಾಲಂ’. ತೆಲುಗಿನಲ್ಲಿ ನೆರೆ ‘ವರದ’, ಸೇತುವೆ ‘ವಂತೆನ’, ಹಳ್ಳ ‘ವಾಗು’, ಕೆರೆ ‘ಚೆರುವು’. ಮಕ್ಕಳು ತಮ್ಮ ಊರಿನ ಪದಗಳನ್ನು ಸೇರಿಸಿ ಗೋಡೆಪಟ್ಟಿಯೊಂದನ್ನು ಮಾಡಲಿ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳ ಅರ್ಥವನ್ನು ಪಟ್ಟಿಯ ಕೆಳಗೆ ಬರೆಯಿಸಬೇಕು.

6. ಲೆಕ್ಕಗಳು

(ಅ) ಒಂದು ಚದರ ಕಿ.ಮೀ. ಜಾಗದ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಒಟ್ಟು ನೀರು 1,00,000 ಘನ ಮೀಟರ್, ಅಂದರೆ 10 ಕೋಟಿ ಲೀಟರ್. ಈ ಮಳೆ ಮೂರು ಗಂಟೆಯಲ್ಲಿ ಬಿದ್ದು ಅದರ ಅರ್ಧವು ಅಷ್ಟೇ ಹೊತ್ತಿನಲ್ಲಿ ಹಳ್ಳಕ್ಕೆ ಹರಿದು ಬಂತೆಂದು ಭಾವಿಸಿದರೆ ಸೆಕೆಂಡಿಗೆ ಸುಮಾರು 4.6 ಘನ ಮೀಟರ್ ನೀರು ಬರುತ್ತದೆ. ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಮೋರಿಯಲ್ಲಿ ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿದರೆ ಹೊರಹೋಗುವುದು 2 ಘನ ಮೀಟರ್ ಮಾತ್ರ. ಅರ್ಧ ಮೋರಿ ಹೂಳಿನಿಂದ ತುಂಬಿದ್ದರೆ ಒಂದೇ. ಉಳಿದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಮಕ್ಕಳಿಂದಲೇ ಬರಲಿ.

(ಆ) ಹರಿವ ನೀರು ಉರುಳಿಸಬಲ್ಲ ಕಲ್ಲಿನ ತೂಕವು ವೇಗದ ಆರನೆಯ ಘಾತಕ್ಕೆ ಅನುಗುಣವಾಗಿರುತ್ತದೆಂಬುದು ಹಳೆಯ ನಿಯಮ. ವೇಗ ಎರಡು ಪಟ್ಟಾದರೆ 64 ಪಟ್ಟು ತೂಕದ ಕಲ್ಲು ಉರುಳುತ್ತದೆ. ಮೂರು ಪಟ್ಟಾದರೆ?

(ಇ) ಅಮೆರಿಕದಲ್ಲಿ 1958–60ರಲ್ಲಿ ನಡೆದ ದೊಡ್ಡ ರಸ್ತೆ ಪ್ರಯೋಗದಿಂದ, ಚಕ್ರದ ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸರಿಸುಮಾರು 16 ಪಟ್ಟಾಗುತ್ತದೆಂದು ತಿಳಿದುಬಂತು. ನೆನೆದ ರಸ್ತೆಯಲ್ಲಿ ಭಾರದ ಲಾರಿಗಳನ್ನು ಕೆಲವು ದಿನ ತಡೆಯುವುದೇಕೆ?

(ಈ) 900 ಕೆ.ಜಿ. ತೂಕದ ಚಿಕ್ಕ ಕಾರಿನ ತಳದ ವಿಸ್ತಾರ 6 ಚದರ ಮೀಟರ್. ಅದರ ಒಡಲು 15 ಸೆಂ.ಮೀ. ಮುಳುಗಿದರೆ ಸ್ಥಳಾಂತರವಾಗುವ ನೀರು 0.9 ಘನ ಮೀಟರ್. ಅದರ ತೂಕವೂ 900 ಕೆ.ಜಿ. ಆರ್ಕಿಮಿಡಿಸನ ತತ್ತ್ವದಂತೆ ಕಾರು ತೇಲುತ್ತದೆ. ಕಾರಿನ ತಳ ನೆಲದಿಂದ 15 ಸೆಂ.ಮೀ. ಮೇಲಿದ್ದರೆ ರಸ್ತೆಯ ಮೇಲೆ 30 ಸೆಂ.ಮೀ. ನೀರಿದ್ದರೆ ಸಾಕು.

7. ಚಟುವಟಿಕೆಗಳು

ಒಂದು: ಎರಡು ತಟ್ಟೆಗಳಲ್ಲಿ ಊರಿನದೇ ಮಣ್ಣನ್ನು ಸಮವಾಗಿ ಒತ್ತಿ ತುಂಬಿಸಿ, ಒಂದನ್ನು ರಾತ್ರಿಯಿಡೀ ನೆನೆಯಿಸಬೇಕು. ಎರಡರ ಮೇಲೂ ಕಿರಿದಾದ ಮರದ ತುಂಡಿಟ್ಟು ಅದರ ಮೇಲೆ ಒಂದೇ ತೂಕದ ಕಲ್ಲನ್ನಿಟ್ಟು, ಎಷ್ಟು ಮಿ.ಮೀ. ಇಳಿಯಿತೆಂದು ಅಳೆಯಬೇಕು.

ಎರಡು: ಅಂಗಳದಲ್ಲಿ ಮರಳಿನ ಕಾಲುವೆ ಮಾಡಿ ನಡುವೆ ಕಡ್ಡಿಯನ್ನು ನೆಟ್ಟು ಕೊಡದಿಂದ ನೀರು ಹರಿಸಬೇಕು. ಕಡ್ಡಿಯ ಬುಡದಲ್ಲಿ ಗುಂಡಿ ಬೀಳುವುದನ್ನು ಮಕ್ಕಳು ಚಿತ್ರಿಸಲಿ. ಈ ಪ್ರಯೋಗಕ್ಕಾಗಿ ಮಕ್ಕಳನ್ನು ಹಳ್ಳ, ಹೊಳೆಗಳ ಬಳಿಗೆ ಎಂದೂ ಕರೆದೊಯ್ಯಬಾರದು.

ಮೂರು: ಪ್ರತಿ ಮಗುವೂ ಮನೆಯಿಂದ ಶಾಲೆಯ ತನಕದ ದಾರಿಯ ನಕ್ಷೆ ಬರೆದು ಮೋರಿ, ಸೇತುವೆ, ತಗ್ಗು, ಜರಿಯುವ ಬದಿಗಳನ್ನು ಗುರುತಿಸಲಿ. ಹಿಂದಿನ ನೆರೆಗಳಲ್ಲಿ ನೀರು ಎಲ್ಲಿಯ ತನಕ ಬಂದಿತ್ತೆಂದು ಹಿರಿಯರನ್ನು ಕೇಳಿ ಬರೆಯಲಿ. ಈ ನಕ್ಷೆಗಳನ್ನು ಮುಖ್ಯಶಿಕ್ಷಕರ ಕೋಣೆಯಲ್ಲಿ ಇಡಬೇಕು. ಮಳೆ ಬಿರುಸಾದ ದಿನ ಯಾವ ಮಕ್ಕಳನ್ನು ಬೇಗ ಕಳುಹಿಸಬೇಕು, ಯಾರನ್ನು ಶಾಲೆಯಲ್ಲೇ ಉಳಿಸಿಕೊಂಡು ಮನೆಯವರಿಗೆ ಹೇಳಿಕಳುಹಿಸಬೇಕು ಎಂಬ ನಿರ್ಧಾರಕ್ಕೆ ಇವು ನೆರವಾಗುತ್ತವೆ. ಮಳೆಗಾಲಕ್ಕೆ ಮುನ್ನ ಮುಚ್ಚಿಹೋದ ಮೋರಿಗಳ ಪಟ್ಟಿಯನ್ನು ಪಂಚಾಯತಿಗೆ ಪತ್ರರೂಪದಲ್ಲಿ ಬರೆಯಿಸಿದರೆ ಪತ್ರಲೇಖನದ ಅಭ್ಯಾಸವೂ ಆಗುತ್ತದೆ.

8. ಸುರಕ್ಷತೆಯ ಪಾಠ

ಈ ಮೂರು ಮಾತುಗಳನ್ನು ಮಕ್ಕಳು ಕಾರಣಸಹಿತ ಹೇಳಬಲ್ಲವರಾಗಬೇಕು. ಹರಿಯುವ ನೀರು 15 ಸೆಂ.ಮೀ. ಇದ್ದರೂ ದೊಡ್ಡವರನ್ನೇ ಬೀಳಿಸಬಲ್ಲುದು, ದಾಟಬಾರದು. ನೀರು ಮುಚ್ಚಿದ ರಸ್ತೆಯ ಕೆಳಗೆ ರಸ್ತೆ ಇದೆಯೆಂದು ನಂಬಬಾರದು. ನೀರು ಇಳಿದ ಮೇಲೆಯೂ ಅಂಚಿನಲ್ಲಿ ನಡೆಯಬಾರದು, ಬಿರುಕು ಬಿಟ್ಟ ಮೋರಿಯ ಮೇಲೆ ನಿಲ್ಲಬಾರದು. ಇದರೊಂದಿಗೆ ಶಿಕ್ಷಕರು ಒಂದು ಭರವಸೆಯನ್ನೂ ನೀಡಬೇಕು: ನೆರೆಯ ಕಾರಣ ಬಾರದ ದಿನಕ್ಕೆ ದಂಡನೆಯಿಲ್ಲ, ತಪ್ಪಿದ ಪಾಠವನ್ನು ಮತ್ತೆ ಮಾಡಿಕೊಡಲಾಗುವುದು. ಈ ಭರವಸೆ ಇಲ್ಲದಿದ್ದರೆ, ಹಾಜರಿಯ ಆಸೆಗೋ ಪರೀಕ್ಷೆಯ ಭಯಕ್ಕೋ ಹಳ್ಳಕ್ಕೆ ಇಳಿಯುವ ಮಗುವನ್ನು ಮೇಲಿನ ಯಾವ ಲೆಕ್ಕವೂ ತಡೆಯಲಾರದು.

9. ಮೌಲ್ಯಮಾಪನ

1. ಒಣನೆಲಕ್ಕಿಂತ ನೆನೆದ ನೆಲ ಕಡಿಮೆ ಭಾರ ಹೊರುವುದೇಕೆ?
2. ಹಳಿಗಳ ಕೆಳಗೆ ಒಡೆದ ಜಲ್ಲಿಯನ್ನೇ ಬಳಸುವುದಕ್ಕೆ ಎರಡು ಕಾರಣ ಕೊಡಿ.
3. ನೆರೆ ಇಳಿಯುವಾಗ ಏರಿ ಜಾರುವುದು ಹೇಗೆ? ಚಿತ್ರ ಬರೆದು ವಿವರಿಸಿ.
4. ‘ಈ ಸೇತುವೆ ಎಂಬತ್ತು ವರ್ಷದಿಂದ ನಿಂತಿದೆ, ಇನ್ನೂ ನಿಲ್ಲುತ್ತದೆ.’ ಈ ವಾದವನ್ನು ಪರಿಶೀಲಿಸಿ.
5. ನಿಮ್ಮ ಊರಿನ ಒಂದು ಮೋರಿಯ ಅಗಲ, ಎತ್ತರಗಳನ್ನು ಬೇಸಿಗೆಯಲ್ಲಿ ಹಿರಿಯರೊಡನೆ ಅಳೆದು, ಅದರಲ್ಲಿ ಸೆಕೆಂಡಿಗೆ ಹರಿಯಬಲ್ಲ ನೀರನ್ನು ಲೆಕ್ಕ ಹಾಕಿ.
6. ನೆರೆಯ ಎಚ್ಚರಿಕೆಯೊಂದನ್ನು ರಾಜ್ಯಭಾಷೆಯಿಂದ ಕನ್ನಡಕ್ಕೆ ತಂದು, ಮನೆಯ ಅಜ್ಜಿಗೆ ಹೇಳುವ ಮಾತಿನಲ್ಲಿ ಬರೆಯಿರಿ.